ನಿರಾಶ್ರಿತರ ಅರಿವು: ಕ್ಯಾಂಪಸ್ ಕಾರ್ಯಕ್ರಮಗಳಿಗೆ ಕರ್ನಾಟಕವೇ ಪಾಠ

ಸಹಕಾರನಗರ: ಪ್ರತಿ ವರ್ಷ ಜೂನ್ 20 ವಿಶ್ವ ನಿರಾಶ್ರಿತರ ದಿನ. 1951ರ ನಿರಾಶ್ರಿತರ ಒಡಂಬಡಿಕೆಗೆ ಐವತ್ತು ವರ್ಷ ತುಂಬಿದ 2001ರಿಂದ ವಿಶ್ವಸಂಸ್ಥೆಯ ತೀರ್ಮಾನದಂತೆ ಈ ದಿನದ ಆಚರಣೆ ನಡೆದುಬಂದಿದೆ. ಉಪನ್ಯಾಸ, ಛಾಯಾಚಿತ್ರ ಪ್ರದರ್ಶನ, ಸಾಕ್ಷ್ಯಚಿತ್ರ ಮತ್ತು ಬೀದಿನಾಟಕಗಳು ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಇಂತಹ ಕಾರ್ಯಕ್ರಮಗಳ ಸಾಮಾನ್ಯ ರೂಪಗಳು. ಪಕ್ಕದಲ್ಲೇ ಜಿಕೆವಿಕೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇರುವ ಉತ್ತರ ಬೆಂಗಳೂರಿನ ವಿದ್ಯಾರ್ಥಿಗಳು ಈ ವಿಷಯಕ್ಕಾಗಿ ದೂರ ದೇಶಗಳತ್ತ ನೋಡಬೇಕಾಗಿಲ್ಲ.

ಯಾರು ನಿರಾಶ್ರಿತರು?

ಕಿರುಕುಳ ಅಥವಾ ಯುದ್ಧದ ಭೀತಿಯಿಂದ ದೇಶದ ಗಡಿ ದಾಟಿದವರು ನಿರಾಶ್ರಿತರು. ಗಡಿ ದಾಟದೆ ಸ್ವಂತ ದೇಶದಲ್ಲೇ ನೆಲೆ ಕಳೆದುಕೊಂಡವರು ಆಂತರಿಕ ಸ್ಥಳಾಂತರಿತರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಅಂತ್ಯಕ್ಕೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ತಪ್ಪಿದವರು 12.32 ಕೋಟಿ. ಅವರಲ್ಲಿ 7.35 ಕೋಟಿ ಜನ ಸ್ವದೇಶದೊಳಗೇ ಉಳಿದವರು. ಭಾರತವು 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೆ ಸಂವಿಧಾನದ 21ನೇ ವಿಧಿಯ ರಕ್ಷಣೆ ಪೌರರಲ್ಲದವರಿಗೂ ಸಲ್ಲುತ್ತದೆ ಎಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿದಿದೆ.

ರಾಜ್ಯದ ನೆಲೆಗಳು

1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ನಂತರ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು ಮೂರು ಸಾವಿರ ಎಕರೆ ಜಮೀನು ನೀಡಿತು. 1966ರಲ್ಲಿ ಮುಂಡಗೋಡದಲ್ಲಿ, ಎಪ್ಪತ್ತರ ದಶಕದಲ್ಲಿ ಹುಣಸೂರಿನ ಗುರುಪುರ ಹಾಗೂ ಒಡೆಯರಪಾಳ್ಯದಲ್ಲಿ ವಸತಿಗಳು ತಲೆಯೆತ್ತಿದವು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆ ಕಂಡವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪ್‌ಗಳಾದವು.

ನಗರದ ಕ್ಯಾಂಪಸ್ ಒಂದು ಈ ವಿಷಯಕ್ಕೆ ಅನಿರೀಕ್ಷಿತ ವೇದಿಕೆಯೂ ಆಗಿತ್ತು. 2005ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಭಾರತೀಯ ವಿಜ್ಞಾನ ಸಂಸ್ಥೆಗೆ ಭೇಟಿ ನೀಡಿದಾಗ, ಟಿಬೆಟನ್ ಕವಿ ತೆನ್‌ಜಿನ್ ತ್ಸುಂಡೂ ಅಲ್ಲಿನ ಗೋಪುರವೇರಿ ಬ್ಯಾನರ್ ಬಿಡಿಸಿ ಬಂಧನಕ್ಕೊಳಗಾದರು.

ಮುಳುಗಡೆ ಮತ್ತು ಗುಳೆ

ಸ್ಥಳಾಂತರಕ್ಕೆ ಯುದ್ಧವೇ ಕಾರಣವಾಗಬೇಕೆಂದಿಲ್ಲ. ಲಿಂಗನಮಕ್ಕಿಯ ಹಿನ್ನೀರು ಶರಾವತಿ ಕಣಿವೆಯ ಹಳ್ಳಿಗಳನ್ನೂ, ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಹಳೇ ಪಟ್ಟಣದ ಭಾಗಗಳನ್ನೂ ಮುಳುಗಿಸಿದವು. ಬರಗಾಲದಲ್ಲಿ ಉತ್ತರ ಕರ್ನಾಟಕದಿಂದ ಗುಳೆ ಬರುವ ಕುಟುಂಬಗಳು ಬೆಂಗಳೂರಿನ ಕಟ್ಟಡ ಕಾಮಗಾರಿಗಳ ಶೆಡ್‌ಗಳಲ್ಲಿ ವಾಸಿಸುತ್ತವೆ. ಕಾನೂನಿನ ದೃಷ್ಟಿಯಲ್ಲಿ ಇವರು ನಿರಾಶ್ರಿತರಲ್ಲ. ಆದರೆ ಪಡಿತರ, ಮಕ್ಕಳ ಶಾಲೆ, ದಾಖಲೆಪತ್ರಗಳ ಪ್ರಶ್ನೆ ಇಬ್ಬರಿಗೂ ಒಂದೇ.

ಸಂಘಟಕರು ಗಮನಿಸಬೇಕಾದದ್ದು

* ನೆಲೆ ಕಳೆದುಕೊಂಡವರೇ ಮಾತನಾಡಲು ಅವಕಾಶವಿರಲಿ.
* ಒಪ್ಪಿಗೆಯಿಲ್ಲದೆ ಅವರ ಫೋಟೊ, ಹೆಸರು, ವಿಳಾಸ ಪ್ರಕಟಿಸಬಾರದು. ತಾಯ್ನಾಡಿನಲ್ಲಿರುವ ಬಂಧುಗಳಿಗೆ ಅದರಿಂದ ಅಪಾಯವಾಗಬಹುದು.
* ಹಳೆಯ ಬಟ್ಟೆ ಸಂಗ್ರಹಿಸುವ ಮುನ್ನ ಅಗತ್ಯವೇನೆಂದು ಕೇಳಿ ತಿಳಿಯಬೇಕು.
* ಟಿಬೆಟನ್ ವಸತಿಗಳಿಗೆ ಭೇಟಿ ನೀಡಿ ತಂಗುವ ವಿದೇಶಿ ವಿದ್ಯಾರ್ಥಿಗಳು ಮುಂಚಿತವಾಗಿ ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು.

ಒಂದು ದಿನದ ಸಭೆಯಿಂದ ಯಾರಿಗೂ ಮನೆ ಸಿಗದು. ಆದರೆ ಸಭೆಗೆ ಬಂದ ವಿದ್ಯಾರ್ಥಿ ಮರುದಿನ ಪಕ್ಕದ ಶೆಡ್‌ನ ಮಗುವಿಗೆ ಶಾಲೆಯ ದಾರಿ ತೋರಿಸಿದರೆ ಆ ಕಾರ್ಯಕ್ರಮ ಸಾರ್ಥಕ.