ತಳ್ಳುವ ಬ್ಲೇಡು, ಎಳೆಯುವ ಟ್ರ್ಯಾಕ್ಟರು: ಒಂದು ಜೋಡಣೆಯ ವಿಕಾಸ

ಚೈನಿನ ಮೇಲೆ ಸಾಗುವ ಟ್ರ್ಯಾಕ್ಟರು ಹುಟ್ಟಿದ್ದು ಎಳೆಯುವುದಕ್ಕಾಗಿ. ಅದರ ಎಂಜಿನ್ನು, ಗೇರ್‌ಪೆಟ್ಟಿಗೆ, ಹಿಂಬದಿಯ ಕೊಂಡಿ ಇವೆಲ್ಲವೂ ನೇಗಿಲನ್ನೋ ಕೊಯ್ಲು ಯಂತ್ರವನ್ನೋ ಬೆನ್ನಿಗೆ ಕಟ್ಟಿಕೊಂಡು ಮುಂದಕ್ಕೆ ಹೋಗುವ ಲೆಕ್ಕದಲ್ಲಿ ರೂಪುಗೊಂಡವು. ಅಂಥ ಯಂತ್ರದ ಮೂತಿಗೆ ಅಗಲವಾದ ಉಕ್ಕಿನ ಬ್ಲೇಡನ್ನು ಕಟ್ಟಿ ಮಣ್ಣನ್ನು ತಳ್ಳಿಸಿದಾಗ ಬಲದ ದಿಕ್ಕು, ಭಾರದ ಹಂಚಿಕೆ, ಚೌಕಟ್ಟಿನ ಮೇಲೆ ಬೀಳುವ ತಿರುಚು ಎಲ್ಲವೂ ಬದಲಾಗುತ್ತವೆ. ಇಂದು ಬುಲ್‌ಡೋಜರ್ ಎಂದು ಕರೆಯುವ ಯಂತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಬ್ಲೇಡಿನ ಗಾತ್ರದ ಅಥವಾ ಎಂಜಿನ್ನಿನ ಅಶ್ವಶಕ್ತಿಯ ಚರಿತ್ರೆಯಾಗಿ ಹೇಳುವ ರೂಢಿಯಿದ್ದರೂ, ನಿಜವಾದ ತಾಂತ್ರಿಕ ಪ್ರಗತಿ ನಡೆದದ್ದು ಇವೆರಡರ ನಡುವಿನ ಜಾಗದಲ್ಲಿ, ಅಂದರೆ ಬ್ಲೇಡಿನ ತೋಳುಗಳು ಟ್ರ್ಯಾಕ್ಟರಿನ ಚೌಕಟ್ಟನ್ನು ಸಂಧಿಸುವ ಕೀಲುಗಳಲ್ಲಿ.

ತಳ್ಳುವ ಬ್ಲೇಡು ಟ್ರ್ಯಾಕ್ಟರಿಗಿಂತ ಹಳೆಯದು. ಅಮೆರಿಕದ ರಸ್ತೆ, ರೈಲುಹಾದಿ ಕಾಮಗಾರಿಗಳಲ್ಲಿ ಉದ್ದನೆಯ ಮರದ ದಂಡದ ತುದಿಗೆ ಬ್ಲೇಡನ್ನು ಅಡ್ಡಲಾಗಿ ಜೋಡಿಸಿ, ದಂಡದ ಎರಡು ಬದಿಗೆ ಕಟ್ಟಿದ ಹೇಸರಗತ್ತೆಗಳಿಂದ ಅದನ್ನು ಮುಂದಕ್ಕೆ ನೂಕಿಸುವ ಸಾಧನ ಬಳಕೆಯಲ್ಲಿತ್ತು. ಗದ್ದೆಯನ್ನು ಮಟ್ಟ ಮಾಡಲು ಎತ್ತುಗಳು ಎಳೆಯುವ ಹಲಗೆ ಪ್ರಾಣಿಯ ಹಿಂದೆ ಬರುತ್ತದೆ. ಈ ಬ್ಲೇಡಾದರೋ ಪ್ರಾಣಿಗಿಂತ ಮುಂದೆ ಹೋಗುತ್ತಿತ್ತು. ಆದ್ದರಿಂದ ಗುಂಡಿಯ ಅಂಚಿನವರೆಗೆ ಮಣ್ಣನ್ನು ಒಯ್ದು ಕೆಡವಲು, ಪ್ರಾಣಿಗಳು ಗುಂಡಿಗೆ ಇಳಿಯದಂತೆಯೇ ಅದನ್ನು ತುಂಬಲು ಸಾಧ್ಯವಾಯಿತು. ಈ ಅನುಕೂಲವೇ ಮುಂದೆ ಟ್ರ್ಯಾಕ್ಟರಿಗೂ ಬ್ಲೇಡು ಬರಲು ಕಾರಣವಾಯಿತು.

ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ಸುತ್ತಲಿನ ನದೀಮುಖಜ ಭೂಮಿಯ ಮೆದು ಮಣ್ಣಿನಲ್ಲಿ ಉಗಿಯಂತ್ರಗಳ ಚಕ್ರಗಳು ಹೂತುಹೋಗುತ್ತಿದ್ದುದನ್ನು ಕಂಡ ಬೆಂಜಮಿನ್ ಹೋಲ್ಟ್, 1904ರ ನವೆಂಬರಿನಲ್ಲಿ ಹಿಂಬದಿಯ ಚಕ್ರಗಳನ್ನು ತೆಗೆದು ಮರದ ಪಟ್ಟಿಗಳ ಚೈನನ್ನು ಅಳವಡಿಸಿ ಪರೀಕ್ಷಿಸಿದನು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಂಗ್ಲೆಂಡಿನ ಗ್ರಾಂಥಮ್‌ನಲ್ಲಿ ಹಾರ್ನ್ಸ್‌ಬಿ ಕಂಪನಿಯ ಡೇವಿಡ್ ರಾಬರ್ಟ್ಸ್ ಕೂಡ ಚೈನಿನ ವಾಹನವನ್ನು ರೂಪಿಸುತ್ತಿದ್ದನು. ಹೋಲ್ಟ್ ಕಂಪನಿಯೂ ಅದರ ಪ್ರತಿಸ್ಪರ್ಧಿಯಾಗಿದ್ದ ಸಿ. ಎಲ್. ಬೆಸ್ಟ್ ಕಂಪನಿಯೂ 1925ರಲ್ಲಿ ಒಂದಾಗಿ ಕ್ಯಾಟರ್‌ಪಿಲರ್ ಟ್ರ್ಯಾಕ್ಟರ್ ಕಂಪನಿಯಾದವು. ಈ ಇಪ್ಪತ್ತು ವರ್ಷಗಳಲ್ಲಿ ಚೈನು, ರೋಲರು, ಎಂಜಿನ್ನುಗಳೆಲ್ಲ ಸುಧಾರಿಸಿದರೂ ಟ್ರ್ಯಾಕ್ಟರಿನ ಮುಂಭಾಗ ರೇಡಿಯೇಟರನ್ನು ಹೊತ್ತ ಹಗುರ ಚೌಕಟ್ಟಾಗಿಯೇ ಉಳಿದಿತ್ತೆಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಜೋಡಣೆಯ ಮೊದಲ ಸ್ಪಷ್ಟ ದಾಖಲೆ ದೊರೆಯುವುದು ಕಾನ್ಸಾಸ್ ರಾಜ್ಯದ ಮಾರೋವಿಲ್ ಎಂಬ ಸಣ್ಣ ಊರಿನಿಂದ. ಆ ಪ್ರದೇಶದಲ್ಲಿ ತೈಲದ ಪೈಪುಗಳನ್ನು ಹೂಳಲು ತೋಡಿದ ಕಾಲುವೆಗಳನ್ನು ಮತ್ತೆ ಮುಚ್ಚುವ ಕೆಲಸ ನಡೆಯುತ್ತಿದ್ದಾಗ, ಜೇಮ್ಸ್ ಕಮಿಂಗ್ಸ್ ಎಂಬ ರೈತ ಮತ್ತು ಜೆ. ಅರ್ಲ್ ಮ್ಯಾಕ್‌ಲಿಯಾಡ್ ಎಂಬ ನಕ್ಷೆಗಾರ ಸೇರಿ 1923ರಲ್ಲಿ ಟ್ರ್ಯಾಕ್ಟರಿನ ಮುಂದೆ ನಿಲ್ಲುವ ಬ್ಲೇಡೊಂದನ್ನು ತಯಾರಿಸಿದರು. ಅದಕ್ಕೆ 1925ರ ಜನವರಿಯಲ್ಲಿ ಅಮೆರಿಕದ 15,22,378ನೇ ಸಂಖ್ಯೆಯ ಪೇಟೆಂಟ್ ದೊರೆಯಿತು. ಪೇಟೆಂಟಿನ ಶೀರ್ಷಿಕೆಯಲ್ಲಿ ಹೊಸ ಯಂತ್ರದ ಹೆಸರೇನೂ ಇಲ್ಲ. ಅದು ಟ್ರ್ಯಾಕ್ಟರಿಗೆ ಜೋಡಿಸುವ ಉಪಕರಣವೆಂದಷ್ಟೇ ಹೇಳುತ್ತದೆ. ಈ ಇಬ್ಬರ ದೃಷ್ಟಿಯಲ್ಲಿ ಟ್ರ್ಯಾಕ್ಟರು ಟ್ರ್ಯಾಕ್ಟರಾಗಿಯೇ ಉಳಿಯುತ್ತದೆ, ಕೆಲಸ ಮುಗಿದ ಮೇಲೆ ಬ್ಲೇಡನ್ನು ಬಿಚ್ಚಿಟ್ಟು ಉಳುಮೆಗೆ ಹೋಗಬಹುದು. ಕ್ಷೇತ್ರದ ಮುಂದಿನ ಎರಡು ದಶಕಗಳು ಈ ತಿಳುವಳಿಕೆಯ ಮೇಲೆಯೇ ನಡೆದವು.

ಜೋಡಣೆಯ ಸಮಸ್ಯೆಯನ್ನು ಅರಿಯಲು ಚೈನ್ ಟ್ರ್ಯಾಕ್ಟರಿನ ಒಡಲನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಎಂಜಿನ್ನು, ಗೇರ್‌ಪೆಟ್ಟಿಗೆ, ಚಾಲಕನ ಆಸನಗಳನ್ನು ಹೊತ್ತಿರುವುದು ನಡುವಿನ ಮುಖ್ಯ ಚೌಕಟ್ಟು. ಅದರ ಎಡಬಲಗಳಲ್ಲಿ ಒಂದೊಂದು ಟ್ರ್ಯಾಕ್ ಫ್ರೇಮ್ ಇರುತ್ತದೆ. ಯಂತ್ರದ ಭಾರವನ್ನು ಚೈನಿನ ಮೇಲೆ ಇಳಿಸುವ ರೋಲರುಗಳೂ ಚೈನನ್ನು ಮುಂತುದಿಯಲ್ಲಿ ತಿರುಗಿಸುವ ಐಡ್ಲರ್ ಎಂಬ ಚಕ್ರವೂ ಇರುವುದು ಇದರಲ್ಲಿ. ಈ ಎರಡು ಟ್ರ್ಯಾಕ್ ಫ್ರೇಮುಗಳು ಹಿಂದೆ ಒಂದು ಅಡ್ಡ ತಿರುಗಣೆಯ ಮೇಲೆ ಕೀಲಿಸಲ್ಪಟ್ಟು, ಮುಂದೆ ಪಟ್ಟಿ ಸ್ಪ್ರಿಂಗಿನ ಅಥವಾ ಈಕ್ವಲೈಸರ್ ಬಾರ್ ಎಂಬ ಸಮತೋಲನ ದಂಡದ ಮೂಲಕ ಮುಖ್ಯ ಚೌಕಟ್ಟನ್ನು ಹೊರುತ್ತವೆ. ಇದರಿಂದ ಒಂದು ಬದಿಯ ಚೈನು ಕಲ್ಲಿನ ಮೇಲೇರಿದಾಗ ಇನ್ನೊಂದು ಬದಿ ನೆಲ ಬಿಡದೆ ಇರುತ್ತದೆ, ಎರಡು ಫ್ರೇಮುಗಳೂ ಬೇರೆಬೇರೆಯಾಗಿ ಏರಿಳಿಯುತ್ತವೆ. ಹಾಗಾದರೆ ಬ್ಲೇಡಿನ ತೋಳುಗಳನ್ನು ಕಟ್ಟುವುದು ಎಲ್ಲಿಗೆ? ಅಲುಗಾಡುವ ಟ್ರ್ಯಾಕ್ ಫ್ರೇಮುಗಳಿಗೋ, ನಡುವಿನ ಸ್ಥಿರವಾದ ಮುಖ್ಯ ಚೌಕಟ್ಟಿಗೋ?

ದೊಡ್ಡ ಯಂತ್ರಗಳಲ್ಲಿ ಮೊದಲ ಉತ್ತರವೇ ಗೆದ್ದಿತು. ಟ್ರ್ಯಾಕ್ ಫ್ರೇಮಿನ ಹೊರಬದಿಯಲ್ಲಿ, ನೆಲಕ್ಕೆ ಹತ್ತಿರವಾಗಿ, ಟ್ರನಿಯನ್ ಎಂಬ ದಪ್ಪನೆಯ ಗುಂಡು ಮೊಟಕನ್ನು ಕೂರಿಸಿ, ಅದಕ್ಕೆ ಪುಶ್ ಆರ್ಮ್ ಎಂದು ಕರೆಯುವ ತಳ್ಳುತೋಳಿನ ಹಿಂತುದಿಯನ್ನು ಕೀಲಿಸುವುದು ಈ ಕ್ರಮ. ತಳ್ಳುವ ಬಲ ಚೈನಿನ ಹಿಡಿತದಿಂದ ಹುಟ್ಟುತ್ತದೆ. ಅದನ್ನು ಮುಖ್ಯ ಚೌಕಟ್ಟನ್ನು ಸುತ್ತಿಸದೆ ನೇರವಾಗಿ ಟ್ರ್ಯಾಕ್ ಫ್ರೇಮಿನಿಂದಲೇ ಬ್ಲೇಡಿಗೆ ಒಯ್ಯುವುದರಿಂದ ಎಂಜಿನ್ ಮತ್ತು ಗೇರ್‌ಪೆಟ್ಟಿಗೆಗಳ ಕವಚಗಳು ಆ ಹೊಡೆತದಿಂದ ಪಾರಾಗುತ್ತವೆ. ಟ್ರನಿಯನ್ ತಗ್ಗಿನಲ್ಲಿರುವುದಕ್ಕೂ ಕಾರಣವಿದೆ: ಬಲದ ರೇಖೆ ನೆಲಕ್ಕೆ ಸಮೀಪವಾದಷ್ಟೂ ಬ್ಲೇಡು ತಡೆಗೆ ಸಿಕ್ಕಾಗ ಟ್ರ್ಯಾಕ್ಟರಿನ ಮೂತಿ ಕೆಳಕ್ಕೆ ಮುಗ್ಗರಿಸುವ ಅಥವಾ ಮೇಲೇಳುವ ಪ್ರವೃತ್ತಿ ಕಡಿಮೆಯಾಗುತ್ತದೆ. ಆದರೆ ಇದಕ್ಕೆ ಬೆಲೆಯೂ ಉಂಟು. ಬ್ಲೇಡು, ತೋಳು, ಕಬ್ಬಿಣದ ಕೊಂಡಿಗಳ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಐಡ್ಲರೂ ಮುಂದಿನ ರೋಲರುಗಳೂ ಬೇಗ ಸವೆಯುತ್ತವೆ; ಹಿಂಬದಿಗೆ ವಿಂಚನ್ನೋ, ಗಟ್ಟಿ ನೆಲವನ್ನು ಸೀಳುವ ರಿಪ್ಪರನ್ನೋ ಕಟ್ಟುವ ಪದ್ಧತಿಯಿಂದ ಈ ಅಸಮತೋಲ ಒಂದಿಷ್ಟು ತಗ್ಗುತ್ತದೆ. ಬ್ಲೇಡಿನ ಒಂದೇ ಮೂಲೆಗೆ ಬಂಡೆ ತಗುಲಿದಾಗ ಎರಡು ತೋಳುಗಳ ಚೌಕ ಓರೆಯಾಗದಂತೆ ತಡೆಯಲು ಕರ್ಣದ ದಿಕ್ಕಿನಲ್ಲಿ ಅಡ್ಡ ಬಿಗಿತೋಳನ್ನು ಸೇರಿಸಬೇಕಾಯಿತು. ಹೊರಗಿನಿಂದ ನೋಡುವವರಿಗೆ ಈ ಬಿಗಿತೋಳು ಕಣ್ಣಿಗೆ ಬೀಳುವುದೇ ಇಲ್ಲ, ಆದರೆ ಅದಿಲ್ಲದ ಜೋಡಣೆ ಕಲ್ಲುನೆಲದಲ್ಲಿ ಬಾಳುವುದಿಲ್ಲ.

1930ರ ದಶಕದ ಒಂದು ವೈಶಿಷ್ಟ್ಯವೆಂದರೆ ಟ್ರ್ಯಾಕ್ಟರು ಮಾಡುವವರು ಬೇರೆ, ಬ್ಲೇಡು ಮಾಡುವವರು ಬೇರೆಯಾಗಿದ್ದುದು. ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನ ಲಾಪ್ಲಾಂಟ್-ಚೋಟ್ ಕಂಪನಿ ಮತ್ತು ಆರ್. ಜಿ. ಲಟೂರ್ನೋ ಕಂಪನಿಗಳು ಕ್ಯಾಟರ್‌ಪಿಲರ್ ಟ್ರ್ಯಾಕ್ಟರುಗಳಿಗೆ, ಬ್ಯೂಸೈರಸ್-ಈರಿ ಕಂಪನಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರ್ಯಾಕ್ಟರುಗಳಿಗೆ, ಬೇಕರ್ ಕಂಪನಿ ಅಲಿಸ್-ಚಾಮರ್ಸ್ ಟ್ರ್ಯಾಕ್ಟರುಗಳಿಗೆ ಬ್ಲೇಡು ಒದಗಿಸುತ್ತಿದ್ದವು. ಈ ವಿಭಜನೆ ಪ್ರಯೋಗಗಳಿಗೆ ಬಹಳ ಅವಕಾಶ ಕೊಟ್ಟಿತೆಂಬುದು ನಿಜ. ಅಷ್ಟೇ ನಿಜವಾದದ್ದು, ಪರರ ಚೌಕಟ್ಟಿಗೆ ತೂತು ಕೊರೆದು ಬೋಲ್ಟು ಬಿಗಿಯುವ ಜೋಡಣೆಗೆ ಇರುವ ಮಿತಿ. ಬ್ಲೇಡು ತಯಾರಕರು ಚೌಕಟ್ಟನ್ನು ಬದಲಿಸುವಂತಿರಲಿಲ್ಲ, ಟ್ರ್ಯಾಕ್ಟರು ತಯಾರಕರಿಗೆ ಬದಲಿಸುವ ಒತ್ತಡವಿರಲಿಲ್ಲ. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಕ್ಯಾಟರ್‌ಪಿಲರ್ ತನ್ನದೇ ಬ್ಲೇಡುಗಳ ತಯಾರಿಕೆಗೆ ಇಳಿದುದನ್ನು ವ್ಯಾಪಾರದ ನಿರ್ಧಾರವಾಗಿ ಮಾತ್ರ ನೋಡಿದರೆ ಸಾಲದು. ಬ್ಲೇಡು ಮತ್ತು ಚೌಕಟ್ಟುಗಳನ್ನು ಒಂದೇ ನಕ್ಷೆಯ ಮೇಜಿನ ಮೇಲೆ ಒಟ್ಟಿಗೆ ರೂಪಿಸುವ ಕಾಲ ಆಗ ಆರಂಭವಾಯಿತು.

ಬ್ಲೇಡನ್ನು ಏರಿಸಿ ಇಳಿಸುವ ವಿಧಾನವೂ ಜೋಡಣೆಯ ಸ್ವರೂಪವನ್ನು ನಿರ್ಧರಿಸಿತು. ಲಟೂರ್ನೋ 1920ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ ಶಕ್ತಿನಿಯಂತ್ರಣ ಘಟಕವು ಎಂಜಿನ್ನಿನಿಂದ ತಿರುಗುವ ಒಂದು ರಾಟೆ. ಅದು ಉಕ್ಕಿನ ಹಗ್ಗವನ್ನು ಸುತ್ತಿಕೊಂಡಾಗ, ಮುಂಭಾಗದ ಎತ್ತರದ ಕಮಾನಿನ ಗಾಲಿಗಳ ಮೇಲಿನಿಂದ ಹಾದುಬಂದ ಹಗ್ಗ ಬ್ಲೇಡನ್ನು ಎತ್ತುತ್ತಿತ್ತು. ಹಗ್ಗ ಎತ್ತಬಲ್ಲದೇ ಹೊರತು ಒತ್ತಲಾರದು. ಆದ್ದರಿಂದ ಗಟ್ಟಿನೆಲವನ್ನು ಕಚ್ಚುವ ಬಲ ಬ್ಲೇಡಿನ ಸ್ವಂತ ಭಾರದಿಂದಲೇ ಬರಬೇಕಿತ್ತು, ಬ್ಲೇಡು ಅನಿವಾರ್ಯವಾಗಿ ಭಾರವಾಯಿತು. ಇದಕ್ಕೆ ಬದಲಾಗಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಜಾಕುಗಳು ಬ್ಲೇಡನ್ನು ಕೆಳಕ್ಕೂ ಒತ್ತಬಲ್ಲವು, ಬೇಕಾದರೆ ಟ್ರ್ಯಾಕ್ಟರಿನ ಮುಂಭಾಗವನ್ನೇ ನೆಲದಿಂದ ಎತ್ತಬಲ್ಲವು. 1930ರ ದಶಕದಲ್ಲಿಯೇ ಹೈಡ್ರಾಲಿಕ್ ಬ್ಲೇಡುಗಳು ಮಾರುಕಟ್ಟೆಗೆ ಬಂದಿದ್ದರೂ ಎಣ್ಣೆ ಸೋರುವ ಸೀಲುಗಳು ಮತ್ತು ಒಡೆಯುವ ಮೆದುಗೊಳವೆಗಳ ಕಾರಣದಿಂದ ಅನೇಕ ಗುತ್ತಿಗೆದಾರರು ಎರಡು ದಶಕಗಳಿಗೂ ಹೆಚ್ಚು ಕಾಲ ಹಗ್ಗವನ್ನೇ ನಂಬಿದರು. ಹಗ್ಗ ಕಡಿದರೆ ಕಾಡಿನ ನಡುವೆಯೂ ಅದನ್ನು ಬದಲಿಸಬಹುದಾಗಿತ್ತು ಎಂಬುದನ್ನು ನೆನೆದರೆ ಅವರ ಆಯ್ಕೆಯನ್ನು ಹಿಂದುಳಿದದ್ದೆಂದು ಹೇಳಲಾಗದು. ಕೊನೆಗೆ ಹೈಡ್ರಾಲಿಕ್ಸ್ ಗೆದ್ದಾಗ ಚೌಕಟ್ಟಿಗೆ ಹೊಸ ಹೊಣೆ ಬಂದಿತು: ಜಾಕುಗಳ ಹಿಮ್ಮೆಟ್ಟು ಬಲವನ್ನು ತಾಳಿಕೊಳ್ಳಲು ರೇಡಿಯೇಟರಿನ ಕಾಪು ಬರಿಯ ತಗಡಾಗಿ ಉಳಿಯದೆ, ಮುಖ್ಯ ಚೌಕಟ್ಟಿಗೆ ಬಿಗಿದ ದಪ್ಪ ಉಕ್ಕಿನ ಕಟ್ಟಾಯಿತು.

ಯುದ್ಧವು ಈ ಜೋಡಣೆಯನ್ನು ಪ್ರಪಂಚದ ಎಲ್ಲ ಬಗೆಯ ಮಣ್ಣಿನಲ್ಲಿ ಪರೀಕ್ಷಿಸಿತು. 1942ರಲ್ಲಿ ತಿಂಗಳುಗಳ ಅವಧಿಯಲ್ಲಿ ಕಡಿದ ಅಲಾಸ್ಕ ಹೆದ್ದಾರಿಯಲ್ಲಿ ಹೆಪ್ಪುಗಟ್ಟಿದ ನೆಲವೂ ಕೆಸರೂ ಎದುರಾದರೆ, ಅದೇ ವರ್ಷದ ಡಿಸೆಂಬರಿನಲ್ಲಿ ಅಸ್ಸಾಮಿನ ಲೇಡೋದಿಂದ ಬರ್ಮಾದ ಕಡೆಗೆ ಅಮೆರಿಕನ್ನರು ಕೈಗೊಂಡ ರಸ್ತೆಯಲ್ಲಿ ಮಳೆಗಾಲದ ಕುಸಿಯುವ ಗುಡ್ಡಗಳು ಎದುರಾದವು. ಗುಡ್ಡದ ಮಗ್ಗುಲನ್ನು ಕಡಿದು ಮಣ್ಣನ್ನು ಕಣಿವೆಯ ಕಡೆಗೆ ಸರಿಸುವ ಕೆಲಸಕ್ಕೆ ನೇರ ಬ್ಲೇಡಿಗಿಂತ ಓರೆ ನಿಲ್ಲುವ ಬ್ಲೇಡು ಹೆಚ್ಚು ಒಪ್ಪುತ್ತದೆ. ಇದರಲ್ಲಿ ಎರಡು ತೋಳುಗಳು ಮುಂದೆ ಬಾಗಿ ಕೂಡಿ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದ ಒಂದೇ ಚೌಕಟ್ಟಾಗುತ್ತವೆ. ಆ ಸಿ-ಫ್ರೇಮಿನ ನಡುಮಧ್ಯದ ಕೀಲಿನ ಮೇಲೆ ಬ್ಲೇಡು ಎಡಕ್ಕೋ ಬಲಕ್ಕೋ ತಿರುಗುತ್ತದೆ. ಶೆರ್ಮನ್ ಟ್ಯಾಂಕುಗಳಿಗೂ ಬ್ಲೇಡು ಜೋಡಿಸಲಾಯಿತು. ಅಲ್ಲಿಯೂ ತೋಳುಗಳು ಹೋಗಿ ಸೇರಿದ್ದು ಪಕ್ಕದ ಚಕ್ರಗಳ ಬೋಗಿಗಳಿಗೆ.

ಯುದ್ಧಾನಂತರ ಬ್ಲೇಡುಗಳ ಜಾತಿಗಳು ಕವಲೊಡೆದವು: ಕಲ್ಲುನೆಲಕ್ಕೆ ನೇರ ಬ್ಲೇಡು, ಸಡಿಲ ಮಣ್ಣನ್ನೋ ಕಲ್ಲಿದ್ದಲನ್ನೋ ದೂರ ಒಯ್ಯಲು ಎರಡು ತುದಿಗಳೂ ಮುಂದಕ್ಕೆ ಬಾಗಿದ ‘ಯು’ ಬ್ಲೇಡು, ಇವೆರಡರ ನಡುವಿನ ಅರೆ-ಯು ಬ್ಲೇಡು, ಮಣ್ಣು ತುಂಬಿಕೊಳ್ಳುವ ಸ್ಕ್ರೇಪರನ್ನು ಹಿಂದಿನಿಂದ ನೂಕಲು ರಬ್ಬರಿನ ಮೆತ್ತೆಯುಳ್ಳ ಕುಶನ್ ಬ್ಲೇಡು. ನೇರ ಬ್ಲೇಡಿನ ಹೊರೆಯನ್ನು ಅಂದಾಜು ಮಾಡಲು ಎಂಜಿನಿಯರುಗಳು ಅಗಲವನ್ನು ಎತ್ತರದ ವರ್ಗದಿಂದ ಗುಣಿಸಿ, ಬಂದುದನ್ನು 0.8ರಿಂದ ಗುಣಿಸುತ್ತಾರೆ. ಎತ್ತರ ಸ್ವಲ್ಪ ಹೆಚ್ಚಿದರೂ ಹೊರೆ ಬಹಳ ಹೆಚ್ಚುತ್ತದೆಂಬುದು ಇದರಿಂದ ಸ್ಪಷ್ಟ; ಹಳೆಯ ಟ್ರ್ಯಾಕ್ಟರಿಗೆ ಎತ್ತರದ ಬ್ಲೇಡು ಕಟ್ಟುವವರು ಟ್ರನಿಯನ್ನಿನ ಮೇಲೆ ಬೀಳುವ ಬಲವನ್ನು ಮತ್ತೆ ಲೆಕ್ಕ ಹಾಕದೆ ಹೋದರೆ ಬೆಸುಗೆಗಳು ಬಿರಿಯುವುದು ಖಚಿತ.

ಜೋಡಣೆಯ ಇತಿಹಾಸದಲ್ಲಿ ಅತಿ ದೊಡ್ಡ ತಿರುವು 1977ರಲ್ಲಿ ಬಂದ ಕ್ಯಾಟರ್‌ಪಿಲರ್ ಡಿ10. ಚೈನನ್ನು ಓಡಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಅದುವರೆಗೆ ಟ್ರ್ಯಾಕ್ ಫ್ರೇಮಿನ ಹಿಂತುದಿಯಲ್ಲಿ ನೆಲದ ಹತ್ತಿರವಿರುತ್ತಿತ್ತು. ಬ್ಲೇಡಿನಿಂದಲೂ ನೆಲದಿಂದಲೂ ಬರುವ ಹೊಡೆತಗಳು ಅದರ ಗೇರುಗಳಿಗೆ ತಾಗುತ್ತಿದ್ದವು. ಡಿ10ರಲ್ಲಿ ಸ್ಪ್ರಾಕೆಟನ್ನು ಮೇಲಕ್ಕೆ ಎತ್ತಿ ಚೈನನ್ನು ತ್ರಿಕೋನಾಕಾರ ಮಾಡಿದ್ದರಿಂದ ತಳ್ಳುವ ಬಲದ ದಾರಿಯೂ ಓಡಿಸುವ ಬಲದ ದಾರಿಯೂ ಬೇರೆಯಾದವು. ಇಂಥ ಯಂತ್ರಗಳಲ್ಲಿ ಕರ್ಣದ ಬಿಗಿತೋಳಿನ ಬದಲು ಟ್ಯಾಗ್-ಲಿಂಕ್ ಎಂಬ ಅಡ್ಡ ಕೊಂಡಿ ಬ್ಲೇಡಿನ ಪಕ್ಕಬಲವನ್ನು ನೇರವಾಗಿ ಮುಖ್ಯ ಚೌಕಟ್ಟಿಗೆ ಒಪ್ಪಿಸುತ್ತದೆ, ಬ್ಲೇಡು ಯಂತ್ರಕ್ಕೆ ಹತ್ತಿರವಾಗಿ ನಿಲ್ಲುತ್ತದೆ. ಎಳೆಯುವ ಯಂತ್ರಕ್ಕೆ ತಳ್ಳುವ ಉಪಕರಣವನ್ನು ಹೊಂದಿಸುವ ಐವತ್ತು ವರ್ಷಗಳ ಪ್ರಯತ್ನ ಇಲ್ಲಿ ತಲೆಕೆಳಗಾಗಿ, ತಳ್ಳುವುದಕ್ಕೆಂದೇ ಯಂತ್ರ ರೂಪುಗೊಂಡಿತು. ಚಿಕ್ಕ ಯಂತ್ರಗಳಲ್ಲಾದರೋ ಬೆಳವಣಿಗೆ ಬೇರೆ ದಾರಿ ಹಿಡಿಯಿತು: ಓರೆ, ವಾಲು, ಏರಿಳಿತ ಮೂರನ್ನೂ ಹೈಡ್ರಾಲಿಕ್ಸ್‌ನಿಂದ ಮಾಡುವ ಬ್ಲೇಡುಗಳ ಸಿ-ಫ್ರೇಮನ್ನು ಚೈನುಗಳ ಒಳಬದಿಯಲ್ಲಿ ಮುಖ್ಯ ಚೌಕಟ್ಟಿಗೇ ಕೀಲಿಸಲಾಯಿತು, ಇದರಿಂದ ಟ್ರ್ಯಾಕ್ ಫ್ರೇಮುಗಳ ಅಲುಗಾಟ ಬ್ಲೇಡಿಗೆ ತಲುಪದೆ ನಯವಾದ ಮಟ್ಟ ದೊರೆಯುತ್ತದೆ. ಕೊಮಾಟ್ಸು ಕಂಪನಿ 2013ರಲ್ಲಿ ತಂದ ಡಿ61ಐ ಯಂತ್ರದಲ್ಲಿ ಉಪಗ್ರಹ ಸಂಕೇತಗಳನ್ನು ಹಿಡಿಯುವ ಆಂಟೆನಾಗಳು ಬ್ಲೇಡಿನ ಕಂಬಗಳಿಂದ ಕ್ಯಾಬಿನ್ನಿನ ಮೇಲಕ್ಕೆ ಸರಿದವು. ಬ್ಲೇಡಿನ ಸ್ಥಾನವನ್ನು ಜಾಕುಗಳೊಳಗಿನ ಸಂವೇದಕಗಳಿಂದ ಲೆಕ್ಕ ಹಾಕುವ ಈ ಕ್ರಮಕ್ಕೆ ಕೀಲುಗಳಲ್ಲಿ ಸಡಿಲವಿಲ್ಲದಿರುವುದು ಮೊದಲಿಗಿಂತ ಹೆಚ್ಚು ಮುಖ್ಯ.

ಕನ್ನಡನಾಡಿಗೆ ಈ ಕ್ಷೇತ್ರದೊಂದಿಗೆ ಇರುವ ಸಂಬಂಧ ಸಾಮಾನ್ಯವಾದುದಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಲಿಮಿಟೆಡ್, ಅಂದರೆ ಬೆಮೆಲ್, ಕೊಮಾಟ್ಸು ಕಂಪನಿಯ ತಾಂತ್ರಿಕ ಸಹಕಾರದೊಂದಿಗೆ ಬೆಳೆದು, ಕೋಲಾರದ ಚಿನ್ನದ ಗಣಿ ಪ್ರದೇಶದ ಕೆಜಿಎಫ್ ಕಾರ್ಖಾನೆಯಲ್ಲಿ ‘ಬಿಡಿ’ (BD) ಸರಣಿಯ ಬುಲ್‌ಡೋಜರುಗಳನ್ನು ತಯಾರಿಸುತ್ತ ಬಂದಿದೆ. ದೇಶದ ಕಲ್ಲಿದ್ದಲು ಗಣಿಗಳಲ್ಲಿ, ಅಣೆಕಟ್ಟುಗಳಲ್ಲಿ, ಗಡಿರಸ್ತೆಗಳಲ್ಲಿ ದುಡಿಯುವ ಈ ಯಂತ್ರಗಳ ಟ್ರ್ಯಾಕ್ ಫ್ರೇಮಿಗೆ ಟ್ರನಿಯನ್ ಕೂರಿಸುವ, ತೋಳುಗಳ ಚೌಕವನ್ನು ಅಳೆದು ಹೊಂದಿಸುವ, ಸವೆದ ಕೀಲುಗಳಿಗೆ ಬೆಸುಗೆ ತುಂಬಿ ಮತ್ತೆ ಕಡೆಯುವ ಕೆಲಸವನ್ನು ಕೋಲಾರದ ಫಿಟ್ಟರುಗಳೂ ವೆಲ್ಡರುಗಳೂ ತಲೆಮಾರುಗಳಿಂದ ಬಲ್ಲರು. ಈ ತಿಳಿವಳಿಕೆ ಇರುವುದು ಹೆಚ್ಚಾಗಿ ಅವರ ಕೈಗಳಲ್ಲಿ. ಅದನ್ನು ಅವರ ಮಾತುಗಳಲ್ಲಿಯೇ, ನಕ್ಷೆಗಳ ಸಹಿತ, ಕನ್ನಡದಲ್ಲಿ ದಾಖಲಿಸುವ ಕೆಲಸವನ್ನು ನಮ್ಮ ತಾಂತ್ರಿಕ ಶಿಕ್ಷಣ ಸಂಸ್ಥೆಗಳೂ ವಿಶ್ವವಿದ್ಯಾಲಯಗಳೂ ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೈಗೆತ್ತಿಕೊಳ್ಳಬೇಕು.