ಉಳಿದವರ ಗೋಡೆ

ಅಮೆರಿಕದ ಒಕ್ಲಹೋಮ ನಗರದಲ್ಲಿ ಎದುರುಬದುರಾಗಿ ನಿಂತ ಎರಡು ಕಂಚಿನ ಮಹಾದ್ವಾರಗಳಿವೆ. ಒಂದರ ಮೇಲೆ 9:01 ಎಂದು ಬರೆದಿದೆ, ಇನ್ನೊಂದರ ಮೇಲೆ 9:03. ನಡುವಿನ ಆ ಒಂದು ನಿಮಿಷದಲ್ಲಿ ನಡೆದದ್ದನ್ನು ನೆನೆಯಲೆಂದೇ ಅಲ್ಲೊಂದು ಸ್ಮಾರಕ, ಪಕ್ಕದಲ್ಲೊಂದು ಮ್ಯೂಸಿಯಂ ಇವೆ.

1995ರ ಏಪ್ರಿಲ್ 19, ಬುಧವಾರ. ಬೆಳಿಗ್ಗೆ 9:02ಕ್ಕೆ ಆಲ್‌ಫ್ರೆಡ್ ಪಿ. ಮರ್ರಾ ಕಟ್ಟಡದ ಮುಂದೆ ಬಾಡಿಗೆ ಟ್ರಕ್ಕೊಂದು ಸಿಡಿಯಿತು. ಒಂಬತ್ತು ಮಹಡಿಯ ಕೇಂದ್ರ ಸರ್ಕಾರಿ ಕಚೇರಿ ಅದು. ರಸಗೊಬ್ಬರದ ಅಮೋನಿಯಂ ನೈಟ್ರೇಟಿಗೆ ಇಂಧನ ಬೆರೆಸಿ ಮಾಡಿದ ಬಾಂಬು. ಸತ್ತವರು 168 ಮಂದಿ. ಅವರಲ್ಲಿ 19 ಮಕ್ಕಳು. ಹೆಚ್ಚಿನವರು ಎರಡನೇ ಮಹಡಿಯ ಶಿಶುವಿಹಾರದಲ್ಲಿದ್ದವರು. ಮೊದಲ ಗಂಟೆಗಳಲ್ಲಿ ಟಿವಿಯವರ ಅನುಮಾನ ಮಧ್ಯಪ್ರಾಚ್ಯದವರತ್ತ ಹೊರಳಿತ್ತು. ಅಪರಾಧಿ ತಿಮೋತಿ ಮೆಕ್‌ವೇ ಅಮೆರಿಕದ್ದೇ ಮಾಜಿ ಸೈನಿಕ. ಸ್ಫೋಟವಾದ ಸುಮಾರು ಒಂದೂವರೆ ಗಂಟೆಯಲ್ಲಿ, ಕಾರಿಗೆ ನಂಬರ್ ಪ್ಲೇಟ್ ಇಲ್ಲವೆಂದು ಹೆದ್ದಾರಿ ಪೊಲೀಸರೊಬ್ಬರು ಅವನನ್ನು ತಡೆದಿದ್ದರು.

ಸ್ಮಾರಕ ಹೇಗಿರಬೇಕೆಂದು ಯೋಚಿಸಲು 350 ಜನರ ಸಮಿತಿ ರಚನೆಯಾಯಿತು. ಸತ್ತವರ ಮನೆಯವರು, ಬದುಕುಳಿದವರು, ರಕ್ಷಣೆಗೆ ಧಾವಿಸಿದವರು, ಊರಿನವರು ಅದರಲ್ಲಿದ್ದರು. ಬಂದ ವಿನ್ಯಾಸಗಳು 624. ಆಯ್ಕೆಯಾದ ವಿನ್ಯಾಸದಂತೆ ಐದು ವರ್ಷಗಳ ನಂತರ, ಅದೇ ದಿನ, ಸ್ಮಾರಕ ಲೋಕಾರ್ಪಣೆಯಾಯಿತು. ಮ್ಯೂಸಿಯಂ 2001ರಲ್ಲಿ ತೆರೆಯಿತು.

ಕಟ್ಟಡವಿದ್ದ ಜಾಗದಲ್ಲಿ ಈಗ ಹುಲ್ಲುಹಾಸು, ಅದರ ಮೇಲೆ 168 ಖಾಲಿ ಕುರ್ಚಿಗಳು. ಒಂಬತ್ತು ಮಹಡಿಗೆ ಒಂಬತ್ತು ಸಾಲು. ಯಾರು ಯಾವ ಮಹಡಿಯಲ್ಲಿದ್ದರೋ ಆ ಸಾಲಿನಲ್ಲಿ ಅವರ ಕುರ್ಚಿ. ಮಕ್ಕಳ ಕುರ್ಚಿಗಳು ಚಿಕ್ಕವು. ಪಶ್ಚಿಮದ ತುದಿಯಲ್ಲಿ ಐದು ಕುರ್ಚಿಗಳು ಬೇರೆಯಾಗಿವೆ. ಅವು ಸ್ಫೋಟದ ಹೊತ್ತಿಗೆ ಆ ಕಟ್ಟಡದೊಳಗೆ ಇಲ್ಲದೆಯೂ ಸತ್ತವರದು. ಅವರಲ್ಲಿ ಒಬ್ಬರು, ಗಾಯಾಳುಗಳಿಗೆ ನೆರವಾಗಲು ಬಂದು ಪ್ರಾಣ ಕೊಟ್ಟ ನರ್ಸ್.

ಮ್ಯೂಸಿಯಂ ಇರುವುದು ಸ್ಫೋಟದಲ್ಲಿ ಜಖಂಗೊಂಡ ಇನ್ನೊಂದು ಕಟ್ಟಡದಲ್ಲಿ. ಅದರ ಒಂದು ಭಾಗವನ್ನು ದುರಸ್ತಿ ಮಾಡದೆ ಹಾಗೆಯೇ ಉಳಿಸಿದ್ದಾರೆ. ಒಂದು ಕೋಣೆಯಲ್ಲಿ ನೋಡುಗರು ಕುಳಿತು ಧ್ವನಿಮುದ್ರಣವೊಂದನ್ನು ಕೇಳುತ್ತಾರೆ. ಎದುರಿನ ಜಲಸಂಪನ್ಮೂಲ ಮಂಡಳಿಯಲ್ಲಿ ಅಂದು 9 ಗಂಟೆಗೆ ಸಭೆ ಶುರುವಾಗಿತ್ತು. ಟೇಪ್ ರೆಕಾರ್ಡರ್ ಓಡುತ್ತಿತ್ತು. ಎರಡು ನಿಮಿಷ ಕಚೇರಿಯ ಮಾಮೂಲು ಮಾತು. ಆಮೇಲೆ ಆ ಸದ್ದು. ನಾವೆಲ್ಲ ದಿನವೂ ಕೂರುವಂಥದ್ದೇ ಒಂದು ಮೀಟಿಂಗು ಅದು. ಮುಂದೆ, ಸತ್ತವರ ಭಾವಚಿತ್ರಗಳ ಕೋಣೆ. ಪ್ರತಿ ಚಿತ್ರದ ಜೊತೆ ಮನೆಯವರು ಆರಿಸಿ ಕೊಟ್ಟ ಒಂದು ನೆನಪಿನ ವಸ್ತು.

ಇಷ್ಟು ಸತ್ತವರ ಲೆಕ್ಕ. ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಉಳಿದವರ ಲೆಕ್ಕ.

ಕನ್ನಡದಲ್ಲಿ ‘ಉಳಿದವರು’ ಎಂದರೆ ಎರಡರ್ಥ: ಜೀವ ಉಳಿದವರು, ಮತ್ತು ಲೆಕ್ಕಕ್ಕೆ ಸಿಗದೆ ಮಿಕ್ಕವರು. ಸುದ್ದಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಸತ್ತವರ ಸಂಖ್ಯೆ ತಲೆಬರಹವಾಗುತ್ತದೆ. ‘ಉಳಿದವರು ಆಸ್ಪತ್ರೆಯಲ್ಲಿದ್ದಾರೆ’ ಎಂಬಲ್ಲಿಗೆ ಮಿಕ್ಕವರ ಕಥೆ ಮುಗಿಯುತ್ತದೆ. ಒಕ್ಲಹೋಮದಲ್ಲಿ ಹಾಗಾಗಲು ಬಿಡಲಿಲ್ಲ. ಮರ್ರಾ ಕಟ್ಟಡದಲ್ಲಿ ಬೀಳದೆ ನಿಂತ ಗೋಡೆಯ ಮೇಲೆ, ಅದೇ ಕಟ್ಟಡದ ಗ್ರಾನೈಟ್ ಚಪ್ಪಡಿಗಳಲ್ಲಿ, ಬದುಕುಳಿದ 600ಕ್ಕೂ ಹೆಚ್ಚು ಜನರ ಹೆಸರು ಕೆತ್ತಿದ್ದಾರೆ.

ಆದರೆ ಬದುಕುಳಿದವರೆಂದರೆ ಯಾರು? ಅವಶೇಷದಡಿಯಿಂದ ಹೊರಬಂದವರು, ಸರಿ. ಬೀದಿಯಾಚೆ ಗಾಜು ಚುಚ್ಚಿಸಿಕೊಂಡವರು? ಅಂದು ರಜೆ ಹಾಕಿದ್ದರಿಂದ ಉಳಿದು, ಜೊತೆಗಾರರನ್ನೆಲ್ಲ ಕಳೆದುಕೊಂಡವರು? ಸಮಿತಿ ಇದನ್ನು ದೀರ್ಘವಾಗಿ ಚರ್ಚಿಸಿತು. ಎಲ್ಲಿ ಗೆರೆ ಎಳೆದರೂ ಯಾರಾದರೂ ಹೊರಗುಳಿಯುತ್ತಾರೆ. ಆದರೂ ಆ ಪ್ರಶ್ನೆಯನ್ನು ಕೇಳಿಕೊಂಡದ್ದೇ ದೊಡ್ಡದು.

ಅಲ್ಲೊಂದು ಎಲ್ಮ್ ಮರವಿದೆ. ಆಗ ಅದು ಪಾರ್ಕಿಂಗ್ ಜಾಗದಲ್ಲಿದ್ದ ಮರ. ಕೊಂಬೆಗಳಿಗೆ ಸಿಕ್ಕಿಕೊಂಡಿದ್ದ ಸಾಕ್ಷ್ಯ ತೆಗೆಯಲು ಅದನ್ನು ಕಡಿಯುವ ಮಾತೂ ಬಂದಿತ್ತು. ಮರ ಚಿಗುರಿತು. ಈಗ ಅದರ ಸಸಿಗಳನ್ನು ವರ್ಷವರ್ಷವೂ ಹಂಚುತ್ತಾರೆ.

ಮುಂಬೈಯಲ್ಲಿರುವ ನಮಗೆ ಇದು ದೂರದ ಕಥೆಯಲ್ಲ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಗಳಲ್ಲಿ 11 ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದವು. ಮರುದಿನ ಗಾಡಿಗಳು ಓಡಿದವು, ಜನ ಹತ್ತಿದರು. ಅದಕ್ಕೆ ‘ಮುಂಬೈ ಸ್ಪಿರಿಟ್’ ಎಂದು ಹೆಸರಿಟ್ಟು ಹೊಗಳಿದ್ದಾಯಿತು. ಬಾಡಿಗೆ, ಕಂತು, ಮಕ್ಕಳ ಫೀಸು ಇರುವವರು ಹತ್ತದೆ ಏನು ಮಾಡಿಯಾರು? ಆ ಹೊಗಳಿಕೆಯ ಸದ್ದಿನಲ್ಲಿ, ಕಿವಿ ಕೇಳಿಸದಾದವರು, ಕಾಲು ಕಳೆದುಕೊಂಡವರು, ಇಂದಿಗೂ ಫಸ್ಟ್‌ಕ್ಲಾಸ್ ಡಬ್ಬಿಯ ಬಾಗಿಲಲ್ಲಿ ಒಂದು ಕ್ಷಣ ತಡೆದು ನಿಲ್ಲುವವರು ‘ಉಳಿದವರು’ ಆಗಿ ಹೋದರು.

ಮಾಹಿಮ್ ನಿಲ್ದಾಣದಲ್ಲಿ ಅಂದು ಸತ್ತವರ ನೆನಪಿಗೊಂದು ಸ್ಮಾರಕವಿದೆ. ಮುಂದಿನ ಸಲ ಅಲ್ಲಿ ಗಾಡಿ ನಿಂತಾಗ ಸತ್ತವರನ್ನು ನೆನೆಯೋಣ. ಅದೇ ಡಬ್ಬಿಯಲ್ಲಿ, ನಮ್ಮ ಪಕ್ಕದಲ್ಲೇ, ಗೋಡೆಯ ಮೇಲೆ ಹೆಸರಿಲ್ಲದ ಒಬ್ಬರು ನಿಂತಿರಬಹುದು ಎಂಬುದನ್ನೂ.