ಕ್ರೀಡಾದಾಖಲೆಗಳೂ ಅಚೌರ್ಯವ್ರತವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯ ಮೂರನೆಯದು. ಒಡೆಯನು ಕೊಡದಿರುವುದನ್ನು ತೆಗೆದುಕೊಳ್ಳದಿರುವುದೇ ಅದರ ಸ್ಥೂಲಾರ್ಥ. ಆದರೆ ನಮ್ಮ ಆಚಾರ್ಯರು ಅಷ್ಟಕ್ಕೇ ನಿಲ್ಲಲಿಲ್ಲ. ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿ ಹೇಳಿದರು: ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದು ತಂದುದನ್ನು ಸ್ವೀಕರಿಸುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯದರಲ್ಲಿ ಕೀಳನ್ನು ಬೆರೆಸಿ ಒಳ್ಳೆಯದೆಂದೇ ನಡೆಸುವುದು. ಅಂಗಡಿಯ ತಕ್ಕಡಿಯನ್ನು ಕಣ್ಣಮುಂದಿಟ್ಟುಕೊಂಡು ಹೇಳಿದಂತಿರುವ ಈ ಮಾತುಗಳು, ಇಪ್ಪತ್ತನೆಯ ಶತಮಾನದ ಕ್ರೀಡಾಂಗಣಕ್ಕೂ ಅಕ್ಷರಶಃ ಸಲ್ಲುತ್ತವೆ. ಉದ್ದೀಪನ ಔಷಧದ ಬಲದಿಂದ ಸ್ಥಾಪಿತವಾದವೆಂದು ಸಂಶಯಿಸಲಾದ ದಾಖಲೆಗಳು ಇಂದಿಗೂ ಮಾನ್ಯವಾಗಿರಬೇಕೆ ಎಂಬ ಪ್ರಶ್ನೆ ಈ ವ್ರತದ ಒರೆಗಲ್ಲಿಗೆ ಬರಬೇಕಾದ ಪ್ರಶ್ನೆಯಾಗಿದೆ.

1985ರ ಅಕ್ಟೋಬರ್ 6ರಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ ಪೂರ್ವ ಜರ್ಮನಿಯ ಮರೀಟಾ ಕಾಖ್ 400 ಮೀಟರ್ ಓಟವನ್ನು 47.60 ಸೆಕೆಂಡುಗಳಲ್ಲಿ ಮುಗಿಸಿದರು. ಅದಕ್ಕೂ ಎರಡು ವರ್ಷ ಮೊದಲು, 1983ರ ಜುಲೈ 26ರಂದು, ಮ್ಯೂನಿಕ್ ನಗರದಲ್ಲಿ ಚೆಕೊಸ್ಲೊವಾಕಿಯಾದ ಯಾರ್ಮಿಲಾ ಕ್ರಾಟೋಖ್ವಿಲೋವಾ 800 ಮೀಟರ್ ಓಟವನ್ನು 1 ನಿಮಿಷ 53.28 ಸೆಕೆಂಡುಗಳಲ್ಲಿ ಓಡಿದ್ದರು. ಈ ಎರಡೂ ವಿಶ್ವದಾಖಲೆಗಳು 2025ರ ಕ್ರೀಡಾಋತು ಮುಗಿದಾಗಲೂ ಅಳಿದಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಟೋಕಿಯೋ ನಗರದಲ್ಲಿ ಅಮೆರಿಕದ ಸಿಡ್ನಿ ಮೆಕ್‌ಲಾಫ್ಲಿನ್-ಲೆವ್ರೋನ್ 47.78 ಸೆಕೆಂಡುಗಳಲ್ಲಿ ಓಡಿದರು. ನಲವತ್ತು ವರ್ಷಗಳಲ್ಲಿ ಇನ್ನಾವ ಮಹಿಳೆಯೂ ಆ ದಾಖಲೆಯ ಅಷ್ಟು ಸಮೀಪಕ್ಕೆ ಬಂದಿರಲಿಲ್ಲ. ಆದರೂ ಅವರ ಹೆಸರು ಎರಡನೆಯದಾಗಿಯೇ ಉಳಿಯಿತು.

ಮರೀಟಾ ಕಾಖ್ ಪರೀಕ್ಷೆಯಲ್ಲಿ ಎಂದೂ ಸಿಕ್ಕಿಬಿದ್ದವರಲ್ಲ. ತಾನು ತಪ್ಪು ಮಾಡಿಲ್ಲವೆಂದೇ ಹೇಳುತ್ತ ಬಂದವರು. ಕ್ರಾಟೋಖ್ವಿಲೋವಾ ಕೂಡ ಆರೋಪವನ್ನು ನಿರಾಕರಿಸಿದ್ದಾರೆ. ಹಾಗಿದ್ದೂ ಸಂಶಯ ಹುಟ್ಟಿದ್ದು ಏಕೆ? ಪೂರ್ವ ಜರ್ಮನಿಯಲ್ಲಿ 1974ರಿಂದ ಸರ್ಕಾರವೇ ಗುಪ್ತವಾಗಿ ಔಷಧಪ್ರಯೋಗದ ಯೋಜನೆಯೊಂದನ್ನು ನಡೆಸಿತ್ತು. ಯೇನಾ ನಗರದ ಔಷಧ ಕಾರ್ಖಾನೆಯಲ್ಲಿ ತಯಾರಾದ ಓರಲ್ ಟ್ಯೂರಿನಾಬೋಲ್ ಎಂಬ ನೀಲಿ ಮಾತ್ರೆಗಳನ್ನು ಕ್ರೀಡಾಪಟುಗಳಿಗೆ ಕೊಡಲಾಗುತ್ತಿತ್ತು. ಅವರಲ್ಲಿ ಅನೇಕರು ಇನ್ನೂ ಹದಿಹರೆಯದ ಬಾಲಕಿಯರು. ಮಾತ್ರೆಗಳು ಜೀವಸತ್ವವೆಂದು ಅವರಿಗೆ ಹೇಳಲಾಗಿತ್ತು. ಜರ್ಮನಿ ಒಂದಾದ ಮೇಲೆ ವಿಜ್ಞಾನಿ ವೆರ್ನರ್ ಫ್ರಾಂಕೆ ಹಾಗೂ ಅವರ ಪತ್ನಿ, ಹಿಂದೆ ಚಕ್ರ ಎಸೆತಗಾರ್ತಿಯಾಗಿದ್ದ ಬ್ರಿಗಿಟೆ ಬೆರೆಂಡಾಂಕ್, ಗುಪ್ತ ಕಡತಗಳನ್ನು ಹುಡುಕಿ ತೆಗೆದರು. 1991ರಲ್ಲಿ ಬೆರೆಂಡಾಂಕ್ ಪ್ರಕಟಿಸಿದ ಗ್ರಂಥದಲ್ಲಿ ಹೆಸರುಗಳೂ ಪ್ರಮಾಣಗಳೂ ಬಯಲಾದವು. ಕಾಖ್ ಅವರ ಹೆಸರೂ ಅಲ್ಲಿತ್ತು. 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯವು ಆ ದೇಶದ ಕ್ರೀಡಾಮುಖ್ಯಸ್ಥರಾಗಿದ್ದ ಮನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮನ್‌ಫ್ರೆಡ್ ಹ್ಯೋಪ್ನರ್ ಅವರನ್ನು ಅಪರಾಧಿಗಳೆಂದು ಸಾರಿತು. ಕ್ರಮವಾಗಿ 22 ಮತ್ತು 18 ತಿಂಗಳ ಸೆರೆವಾಸ ವಿಧಿಸಲಾಯಿತಾದರೂ ಶಿಕ್ಷೆಯನ್ನು ಅಮಾನತಿನಲ್ಲಿಡಲಾಯಿತು.

ಕರ್ಮಾಸ್ರವಕ್ಕೆ ಕಾರಣವಾಗುವ ಕ್ರಿಯೆಯನ್ನು ಜೈನದರ್ಶನ ಕೃತ, ಕಾರಿತ, ಅನುಮತ ಎಂದು ಮೂರು ಬಗೆಯಾಗಿ ನೋಡುತ್ತದೆ: ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿ ಸೂಚಿಸಿದ್ದು. ಪೂರ್ವ ಜರ್ಮನಿಯ ಪ್ರಕರಣವನ್ನು ಈ ಮೂರರಲ್ಲಿ ಬಿಡಿಸಿ ನೋಡಿದಾಗ ಸತ್ಯ ನಿಚ್ಚಳವಾಗುತ್ತದೆ. ಜೀವಸತ್ವವೆಂದು ನಂಬಿ ಮಾತ್ರೆ ನುಂಗಿದ ಬಾಲಕಿಯ ಪಾಲಿಗೆ ‘ಕೃತ’ದ ಭಾರ ಅತ್ಯಲ್ಪ. ‘ಕಾರಿತ’ದ ಭಾರವೆಲ್ಲ ವೈದ್ಯರ, ಅಧಿಕಾರಿಗಳ ತಲೆಯ ಮೇಲಿದೆ. ಆದರೆ ‘ಅನುಮತ’ದ ಭಾರವನ್ನು ಹೊತ್ತವರು ಯಾರು? ಪದಕಪಟ್ಟಿಯನ್ನು ನೋಡಿ ಚಪ್ಪಾಳೆ ತಟ್ಟಿದ ಜಗತ್ತು. ಸತ್ಯ ಹೊರಬಿದ್ದ ಮೇಲೂ ಆ ಅಂಕಿಗಳನ್ನು ಪುಸ್ತಕದ ತಲೆಯ ಮೇಲಿಟ್ಟುಕೊಂಡಿರುವ ಸಂಸ್ಥೆಗಳು. ಕದ್ದದ್ದೆಂದು ತಿಳಿದ ಮೇಲೂ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎರಡನೆಯ ಅತಿಚಾರವೇ ಸರಿ.

ಇಲ್ಲಿ ಕೇವಲ ಅಂಕಿಗಳ ಪ್ರಶ್ನೆಯಿಲ್ಲ, ಹಿಂಸೆಯ ಪ್ರಶ್ನೆಯೂ ಇದೆ. 1986ರಲ್ಲಿ ಗುಂಡು ಎಸೆತದಲ್ಲಿ ಯುರೋಪಿನ ಚಾಂಪಿಯನ್ ಪದವಿ ಪಡೆದ ಹೈಡಿ ಕ್ರೀಗರ್ ಅವರಿಗೆ ಹದಿನಾರನೆಯ ವಯಸ್ಸಿನಿಂದಲೇ ಆ ನೀಲಿ ಮಾತ್ರೆಗಳನ್ನು ತಿನ್ನಿಸಲಾಗಿತ್ತು. ದೇಹ ಗುರುತು ಸಿಗದಷ್ಟು ಬದಲಾಯಿತು. 1997ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ ಅವರು ಆಂಡ್ರಿಯಾಸ್ ಕ್ರೀಗರ್ ಆಗಿ ಬದುಕನ್ನು ಮುಂದುವರಿಸಿದರು. ತಮ್ಮ ಬದುಕಿನ ಆ ನಿರ್ಣಯವನ್ನು ತಾವೇ ಸ್ವತಂತ್ರವಾಗಿ ಮಾಡುವ ಅವಕಾಶವನ್ನು ಮಾತ್ರೆಗಳು ಕಸಿದುಕೊಂಡವು ಎಂಬುದು ಅವರ ನೋವು. 1986ರಲ್ಲಿ ಗೆದ್ದ ಚಿನ್ನದ ಪದಕವನ್ನು ಅವರು ಮನೆಯಲ್ಲಿಟ್ಟುಕೊಳ್ಳಲಿಲ್ಲ. ಉದ್ದೀಪನ ಔಷಧದ ವಿರುದ್ಧ ಹೋರಾಡುವವರಿಗೆ ನೀಡುವ ಪ್ರಶಸ್ತಿಗೆ ಅದನ್ನು ಒಪ್ಪಿಸಿಬಿಟ್ಟರು.

ಇನೆಸ್ ಗೈಪೆಲ್ ಅವರ ನಡೆಯೂ ಸ್ಮರಣೀಯ. 1984ರಲ್ಲಿ ಯೇನಾ ನಗರದ ಕ್ರೀಡಾಸಂಘದ ಪರವಾಗಿ 4x100 ಮೀಟರ್ ರಿಲೇಯಲ್ಲಿ 42.20 ಸೆಕೆಂಡುಗಳ ದಾಖಲೆ ಸ್ಥಾಪಿಸಿದ ನಾಲ್ವರಲ್ಲಿ ಅವರೊಬ್ಬರು. ಆ ಸಾಧನೆ ಔಷಧದ ಬಲದಿಂದ ಬಂದುದೆಂದು ತಿಳಿಸಿ, ದಾಖಲೆಯಿಂದ ತಮ್ಮ ಹೆಸರನ್ನು ತೆಗೆದುಹಾಕಬೇಕೆಂದು ಅವರೇ ಜರ್ಮನಿಯ ಅಥ್ಲೆಟಿಕ್ ಸಂಸ್ಥೆಯನ್ನು ಕೋರಿದರು. ಬಹಳ ಹಿಂಜರಿಕೆಯ ನಂತರ ಅವರ ಹೆಸರಿನ ಸ್ಥಳದಲ್ಲಿ ಒಂದು ನಕ್ಷತ್ರಚಿಹ್ನೆ ಬಂದಿತು. ಗುರುವಿನ ಮುಂದೆ ದೋಷವನ್ನು ಮರೆಮಾಚದೆ ನಿವೇದಿಸುವುದನ್ನು ನಾವು ಆಲೋಚನೆ ಎನ್ನುತ್ತೇವೆ. ಯಾರೂ ಬಲವಂತ ಮಾಡದೆ, ಗೌರವವೊಂದನ್ನು ತಾವಾಗಿಯೇ ಬಿಟ್ಟುಕೊಟ್ಟ ಈ ನಡೆಯಲ್ಲಿ ಆಲೋಚನೆಯ ಛಾಯೆಯಿದೆ.

ಆದರೆ ಜಗತ್ತಿನ ನಿಯಮಗಳು ಆಲೋಚನೆ ಮಾಡಿಕೊಂಡವರಿಗೆ ಮನ್ನಣೆ ಕೊಟ್ಟಿವೆಯೆ? 1988ರ ಸೋಲ್ ಒಲಿಂಪಿಕ್ಸಿನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರ್ ಓಟವನ್ನು 9.79 ಸೆಕೆಂಡುಗಳಲ್ಲಿ ಗೆದ್ದು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಪದಕ ಕಳೆದುಕೊಂಡರು. ಮರುವರ್ಷ ಕೆನಡಾ ಸರ್ಕಾರದ ವಿಚಾರಣಾ ಆಯೋಗದ ಮುಂದೆ ಅವರು ಹಿಂದಿನ ವರ್ಷಗಳ ಸೇವನೆಯನ್ನೂ ಒಪ್ಪಿಕೊಂಡರು. ಆಗ 1987ರಲ್ಲಿ ರೋಮ್ ನಗರದಲ್ಲಿ ಸ್ಥಾಪಿಸಿದ್ದ 9.83 ಸೆಕೆಂಡುಗಳ ದಾಖಲೆಯೂ ರದ್ದಾಯಿತು. ಆ ದಿನದ ಪರೀಕ್ಷೆಯಲ್ಲಿ ಅವರು ಸಿಕ್ಕಿಬಿದ್ದಿರಲಿಲ್ಲ. ಬಾಯಿಬಿಟ್ಟವನು ಕಳೆದುಕೊಂಡ, ಬಾಯಿ ಮುಚ್ಚಿದವರು ಉಳಿಸಿಕೊಂಡರು. ಸತ್ಯವನ್ನು ನುಡಿದವನಿಗೆ ಮಾತ್ರ ದಂಡ ವಿಧಿಸುವ ವ್ಯವಸ್ಥೆ ಎಲ್ಲರಿಗೂ ಮೌನವನ್ನೇ ಕಲಿಸುತ್ತದೆ.

ಹಾಗೆಂದು ಸಂಶಯವೊಂದೇ ಸಾಕೆಂದು ಎಲ್ಲವನ್ನೂ ಅಳಿಸಿಹಾಕಲಾದೀತೆ? ಅನೇಕಾಂತವನ್ನು ಒಪ್ಪಿದವರು ಇನ್ನೊಂದು ಮಗ್ಗುಲನ್ನೂ ನೋಡಲೇಬೇಕು. 1988ರಲ್ಲಿ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 100 ಮೀಟರ್ ಓಟದಲ್ಲಿ 10.49, 200 ಮೀಟರ್ ಓಟದಲ್ಲಿ 21.34 ಸೆಕೆಂಡುಗಳ ದಾಖಲೆ ಸ್ಥಾಪಿಸಿದರು. ಅವರ ಬಗ್ಗೆ ಸಂಶಯದ ಮಾತುಗಳು ಬಹಳ ಹರಿದಾಡಿದವು. ಆದರೆ ಯಾವ ಪರೀಕ್ಷೆಯಲ್ಲೂ ಅವರು ಸಿಕ್ಕಿಬೀಳಲಿಲ್ಲ. 1998ರಲ್ಲಿ ಅವರು ತೀರಿಕೊಂಡರು. ಉತ್ತರ ಹೇಳಲು ಬಾರದವರ ಮೇಲೆ ಆಧಾರವಿಲ್ಲದೆ ದೋಷವನ್ನು ಹೊರಿಸುವುದು ಸತ್ಯಾಣುವ್ರತಕ್ಕೇ ಭಂಗ ತರುವ ಕೆಲಸ. ಮಿಥ್ಯೋಪದೇಶ, ರಹೋಭ್ಯಾಖ್ಯಾನಗಳನ್ನು ಅತಿಚಾರವೆಂದ ಆಚಾರ್ಯರು ನಾಲಗೆಯ ಹಿಂಸೆಯನ್ನು ಚೆನ್ನಾಗಿ ಬಲ್ಲವರು.

2017ರಲ್ಲಿ ಯುರೋಪಿನ ಅಥ್ಲೆಟಿಕ್ ಸಂಸ್ಥೆ ಒಂದು ಸಲಹೆಯನ್ನು ಮುಂದಿಟ್ಟಿತು. ದಾಖಲೆಗೆ ಮೊದಲಿನ ತಿಂಗಳುಗಳಲ್ಲಿ ಕ್ರೀಡಾಪಟು ನಿಗದಿತ ಸಂಖ್ಯೆಯ ಪರೀಕ್ಷೆಗಳಿಗೆ ಒಳಗಾಗಿರಬೇಕು. ಆತನ ಮಾದರಿಯನ್ನು ಹತ್ತು ವರ್ಷ ಕಾಪಾಡಿ ಇಟ್ಟಿರಬೇಕು. ಹಾಗಿದ್ದರೆ ಮಾತ್ರ ದಾಖಲೆ ಮಾನ್ಯ. ಅಂತರರಾಷ್ಟ್ರೀಯ ಸಂಸ್ಥೆ ಮಾದರಿಗಳನ್ನು ಕಾಪಾಡತೊಡಗಿದ್ದು 2005ರಿಂದ. ಆದ್ದರಿಂದ ಹಿಂದಿನ ದಾಖಲೆಗಳೆಲ್ಲ ಆ ಸ್ಥಾನದಿಂದ ಇಳಿಯಬೇಕಾಗುತ್ತಿತ್ತು. 2003ರಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಓಡಿದ್ದ ಬ್ರಿಟನ್ನಿನ ಪಾಲಾ ರ‍್ಯಾಡ್‌ಕ್ಲಿಫ್, 1991ರಲ್ಲಿ 8.95 ಮೀಟರ್ ಉದ್ದ ಜಿಗಿದಿದ್ದ ಅಮೆರಿಕದ ಮೈಕ್ ಪೊವೆಲ್ ಮೊದಲಾದವರು ಇದನ್ನು ತೀವ್ರವಾಗಿ ವಿರೋಧಿಸಿದರು. ಕಳ್ಳರ ಜೊತೆ ನಿರ್ದೋಷಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಂತಾಗುವುದೆಂಬುದು ಅವರ ಅಳಲು. ಆ ಅಳಲಿನಲ್ಲಿ ಸತ್ಯವಿತ್ತು. ಸಲಹೆ ಜಾರಿಗೆ ಬರಲಿಲ್ಲ.

ಇವೆರಡರ ನಡುವೆ ದಾರಿಯಿಲ್ಲವೆ? ಕ್ರೀಡೆಯ ಇತಿಹಾಸವೇ ಒಂದು ದಾರಿಯನ್ನು ತೋರಿಸಿದೆ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ ಭರ್ಜಿಯನ್ನು 104.80 ಮೀಟರ್ ದೂರ ಎಸೆದರು. ಭರ್ಜಿ ಮೈದಾನವನ್ನೇ ದಾಟಿಹೋಗುವ ಅಪಾಯ ಬಂದುದರಿಂದ 1986ರಲ್ಲಿ ಭರ್ಜಿಯ ರಚನೆಯನ್ನೇ ಬದಲಿಸಿ, ಹೊಸ ಭರ್ಜಿಗೆ ಹೊಸ ದಾಖಲೆಯ ಪುಟವನ್ನು ತೆರೆಯಲಾಯಿತು. ಹೋನ್ ಅವರ ಎಸೆತ ಇತಿಹಾಸದಲ್ಲಿ ಉಳಿಯಿತು. ಮುಂದಿನವರಿಗೆ ಅಳತೆಗೋಲಾಗಿ ಉಳಿಯಲಿಲ್ಲ. ಮುಂದೆ ಅದೇ ಹೋನ್ ಅವರಿಂದ ಕೆಲಕಾಲ ತರಬೇತಿ ಪಡೆದ ಭಾರತದ ನೀರಜ್ ಚೋಪ್ರಾ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ, ಅದನ್ನು 104.80ರ ಜೊತೆ ತೂಗಿ ಕಡಿಮೆಯೆಂದವರಿಲ್ಲ.

ದಾಖಲೆಯೆಂಬುದಕ್ಕೆ ಎರಡು ಮುಖಗಳಿವೆ ಎಂಬುದು ಇದರಿಂದ ತಿಳಿಯುತ್ತದೆ. ಒಂದು, ನಡೆದುದರ ಬರಹ; ಇನ್ನೊಂದು, ಮುಂದೆ ಬರುವವರಿಗೆ ಅಳತೆಗೋಲು. ನಡೆದುದನ್ನು ಅಳಿಸುವುದು ಅಸತ್ಯ. ಕಳಂಕಿತ ಅಳತೆಗೋಲನ್ನು ಇಟ್ಟುಕೊಳ್ಳುವುದು ಅಚೌರ್ಯಕ್ಕೆ ಭಂಗ. ಸರ್ಕಾರದ ಕಡತಗಳಿಂದಲೇ ಸಿದ್ಧವಾದ ಪ್ರಕರಣಗಳಲ್ಲಿ ಕಾಲ ಮೀರಿತೆಂಬ ನೆಪವನ್ನು ಬಿಟ್ಟು ದಾಖಲೆಯ ಮಾನ್ಯತೆಯನ್ನು ಹಿಂತೆಗೆದುಕೊಳ್ಳುವುದೇ ನ್ಯಾಯ. ಸಂಶಯ ಮಾತ್ರವಿರುವಲ್ಲಿ ಯಾರನ್ನೂ ಕಳ್ಳರೆನ್ನದೆ, ಪರೀಕ್ಷಾಕ್ರಮ ಬದಲಾದ ಕಾಲವನ್ನು ಗಡಿಯಾಗಿಟ್ಟು ಹಿಂದಿನ ಪುಟವನ್ನು ಗೌರವದಿಂದ ಮುಚ್ಚಬಹುದು. ಸೇರು-ಪಾವುಗಳು ಹೋಗಿ ಕಿಲೋಗ್ರಾಂ ಬಂದಾಗ ಹಳೆಯ ವರ್ತಕರನ್ನು ಯಾರೂ ಮೋಸಗಾರರೆನ್ನಲಿಲ್ಲ. ರ‍್ಯಾಡ್‌ಕ್ಲಿಫ್ ಅವರಂಥವರ ನೋವು ಇದರಿಂದ ಪೂರ್ತಿ ಶಮನವಾಗದು. ಆದರೆ ಆರೋಪದ ಕಲೆ ಇರದು.

ಈ ಪ್ರಶ್ನೆ ದೂರದ ದೇಶಗಳದ್ದೆಂದು ಸುಮ್ಮನಿರುವಂತಿಲ್ಲ. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ 4x400 ಮೀಟರ್ ರಿಲೇಯ ಚಿನ್ನ ತಂದ ಭಾರತದ ಮಹಿಳೆಯರಲ್ಲಿ ಕರ್ನಾಟಕದ ಓಟಗಾರ್ತಿಯೂ ಸೇರಿದಂತೆ ಮೂವರು, ಮರುವರ್ಷ ಮೆಥಾಂಡಿಯನೋನ್ ಸೇವನೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಪೂರಕ ಆಹಾರದಲ್ಲಿ ಔಷಧ ಬೆರೆತಿತ್ತು, ತಮಗೆ ತಿಳಿಯದೆಂಬುದು ಅವರ ವಾದವಾಗಿತ್ತು. ಮೊದಲು ಒಂದು ವರ್ಷದ ನಿಷೇಧ ಬಂದಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಪರೀಕ್ಷೆ ನಡೆದುದು ನಂತರವಾದ್ದರಿಂದ 2010ರ ಪದಕ ಉಳಿಯಿತು. ನೀರನ್ನು ಸೋಸದೆ ಕುಡಿಯಬಾರದೆಂದು ಕಲಿತ ಮನೆತನಗಳಿಗೆ ಇದರ ಪಾಠವನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಮಾದವೂ ದೋಷವೇ; ಆದರೆ ಪ್ರಮಾದದ ದೋಷ ಬೇರೆ, ಸಂಕಲ್ಪದ ದೋಷ ಬೇರೆ. ಪ್ರಾಯಶ್ಚಿತ್ತವೂ ಅದಕ್ಕೆ ತಕ್ಕಂತೆ ಬೇರೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೊರೆದ ಬರಹಗಳಿವೆ. ಸಲ್ಲೇಖನದಿಂದ ದೇಹವನ್ನು ಬಿಟ್ಟ ಮುನಿಗಳ, ಆರ್ಯಿಕೆಯರ ಸ್ಮರಣೆ ಅವು. ಅಲ್ಲಿ ಹೆಸರಿನ ಜೊತೆ ಕಾಣುವುದು ವ್ರತ. ಏನನ್ನು ಪಡೆದರೆಂಬುದಕ್ಕಿಂತ ಹೇಗೆ ನಡೆದರೆಂಬುದೇ ಆ ಬರಹಗಳಿಗೆ ಮುಖ್ಯವಾಗಿದೆ. ಶಾಲೆಯ ಓಟದ ಸ್ಪರ್ಧೆಯಿಂದ ಬಹುಮಾನ ಹಿಡಿದು ಮನೆಗೆ ಬರುವ ಮಗುವನ್ನು ಎಷ್ಟನೆಯ ಸ್ಥಾನವೆಂದು ಕೇಳುವ ಮೊದಲು ಹೇಗೆ ಓಡಿದೆಯೆಂದು ಕೇಳುವ ತಾಯ್ತಂದೆಯರು, ಬಂಡೆಯ ಮೇಲಿನ ಆ ಅಕ್ಷರಗಳ ಅರ್ಥವನ್ನು ಬದುಕಿನಲ್ಲಿ ಓದಿಕೊಂಡವರೇ ಆಗಿದ್ದಾರೆ.